ಬೀರಪ್ಪ ಎರಡು ಹೈಸ್ಕೂಲಿಗೆ ಹೋದ ಮಳೆಗಾಲ

ಉಣ್ಣೆ ಮಾರಲು ಯಾದಗಿರಿಗೆ ಹೋಗಿದ್ದೆ. ಸ್ಟೇಷನ್ ದಾರಿಯಲ್ಲಿ ಮಳೆ ಹಿಡಿಯಿತು. ಉಣ್ಣೆ ನೆನೆದರೆ ಕೊಳ್ಳುವವನು ಮುಖ ಸಿಂಡರಿಸುತ್ತಾನೆ ಎಂದು ಗಂಟನ್ನು ಎದೆಗವಚಿಕೊಂಡು ಓಡಿ ಹತ್ತಿರದ ಹೈಸ್ಕೂಲಿನ ಪಡಸಾಲೆಯಲ್ಲಿ ನಿಂತೆ. ರಜೆ ಮುಗಿದು ಶಾಲೆ ತೆರೆಯುವ ದಿನಗಳು. ಕೆಲವು ಹುಡುಗರು ಹಸಿ ಸೊಪ್ಪು ಮತ್ತು ಇದ್ದಿಲು ಕೂಡಿಸಿ ಕಲ್ಲಿನ ಮೇಲೆ ಅರೆಯುತ್ತಿದ್ದರು. ಒಬ್ಬ ಅದರಲ್ಲಿ ಬಟ್ಟೆ ಅದ್ದಿ ಕರಿಹಲಗೆಗೆ ಬಳಿಯುತ್ತಿದ್ದ. ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ನನಗೆ ನಗು ತಡೆಯಲಾಗಲಿಲ್ಲ.

"ಯಾಕ ನಗಾಕತ್ತೀ ಮುತ್ಯಾ?" ಎಂದ ಬಳಿಯುವ ಹುಡುಗ.

"ನಿಮ್ಮ ಸಾಲಿ ನೋಡಿ ನಗು ಬಂತಪಾ."

"ನಮ್ಮ ಸಾಲ್ಯಾಗ ನಗೂವಂಥದ್ದು ಏನದ?"

"ನನ್ನ ಮೊಮ್ಮಗ ಈ ಸಾಲಿಗೂ ಹೋಗ್ತಿದ್ದ, ಕೋಟಿ ಕಡೀ ಹಳೀ ಸಾಲಿಗೂ ಹೋಗ್ತಿದ್ದ. ಒಂದೇ ವರ್ಷ, ಒಂದೇ ಕ್ಲಾಸಿಗೆ."

ಹುಡುಗರು ಮುಖ ಮುಖ ನೋಡಿಕೊಂಡರು. "ಎರಡೂ ಕಡೀ? ಅವಗ ಹುಚ್ಚೇನು?"

"ಅವಗಲ್ಲೋ. ನನಗ!"

ಪೂರ್ತಿ ಹೇಳೋಣ ಎಂದರೆ ಮಳೆ ನಿಂತುಹೋಯಿತು, ಅವರ ಮಾಸ್ತರರು ಕರೆದರು. ಹೇಳದೆ ಉಳಿದದ್ದು ಮನೆಗೆ ಬರುವ ತನಕ ಎದೆಯಲ್ಲಿ ಕುದಿಯುವ ಹಾಲಿನ ಹಾಗೆ ಏಳುತ್ತಿತ್ತು. ಅದಕ್ಕೆ ಬರೆಯಲು ಕೂತಿದ್ದೇನೆ. ಮಠದ ಜಗುಲಿಯ ಮೇಲೆ ಐನೋರ ಮುಂದೆ ಕೂತು ಮರಳಿನಲ್ಲಿ ಬೆರಳಾಡಿಸಿ ಕಲಿತ ಅಕ್ಷರ ನನ್ನವು. ಕಾಗುಣಿತ ಮುಗಿಯುವ ಹೊತ್ತಿಗೆ ಅಪ್ಪ ಕೈಗೆ ಕೋಲು ಕೊಟ್ಟ, ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ನಮ್ಮದು ರಾಮಸಮುದ್ರ. ಕುರಿ, ಆಡು, ಒಂದಿಷ್ಟು ಮಳೆ ನಂಬಿದ ಹೊಲ. ನನ್ನ ಕಾಲದಲ್ಲಿ ಸರ್ಕಾರಿ ಶಾಲೆ ಎಂದರೆ ಉರ್ದು ಶಾಲೆ. ಕೋರ್ಟು ಉರ್ದು, ಕಚೇರಿ ಉರ್ದು, ಪೊಲೀಸರ ಬೈಗುಳವೂ ಉರ್ದು. ಆಮೇಲೆ ನಿಜಾಮರ ಆಳಿಕೆ ಹೋಯಿತು. ಜುಮ್ಮಾದ, ಅಂದರೆ ಶುಕ್ರವಾರದ, ರಜೆ ಆದಿತ್ಯವಾರಕ್ಕೆ ಹಾರಿತು. ಮತ್ತೆ ಕೆಲವು ವರ್ಷಕ್ಕೆ ನಮ್ಮ ಸೀಮೆ ಮೈಸೂರಿನವರ ಜೊತೆ ಕೂಡಿ ಒಂದೇ ರಾಜ್ಯವಾಯಿತು. ಊರಿನಲ್ಲಿ ಬಾಜಾ ಬಾರಿಸಿ ಸಕ್ಕರೆ ಹಂಚಿದರು. ಸಕ್ಕರೆ ತಿಂದು ಮನೆಗೆ ಬಂದೆವು, ಕುರಿ ಬಿಟ್ಟುಕೊಂಡು ಅಡವಿಗೆ ಹೋದೆವು. ಏನು ಬದಲಾಯಿತು ಎಂಬುದು ನನಗೆ ತಿಳಿದದ್ದು ಬೀರಪ್ಪ ಏಳನೇ ಕ್ಲಾಸು ಪಾಸಾದ ಮೇಲೆ.

ಬೀರಪ್ಪ ನನ್ನ ಮಗ ಮಲ್ಲಪ್ಪನ ಹುಡುಗ. ಅವನ ಓದಿನ ಕಥೆ ನಮ್ಮ ಸೀಮೆಯ ಕಥೆಯ ಹಾಗೇ ಇತ್ತು. ಮೊದಲು ಇದ್ದ ಮಾಸ್ತರರು ಮಗ್ಗಿಯನ್ನು ಉರ್ದುವಿನಲ್ಲಿ ಹೇಳಿಸಿದರು. ನಡುವೆ ಬಂದ ಮಾಸ್ತರರು ಪಾಠವನ್ನು ಕನ್ನಡದಲ್ಲಿ ಓದಿಸಿದರು. ಹೀಗಾಗಿ ಹುಡುಗ ಲೆಕ್ಕ ಉರ್ದುವಿನಲ್ಲಿ ಮಾಡುತ್ತಿದ್ದ, ಪುಸ್ತಕ ಕನ್ನಡದಲ್ಲಿ ಓದುತ್ತಿದ್ದ, ಜಗಳ ಎರಡರಲ್ಲೂ ಆಡುತ್ತಿದ್ದ. ನಮ್ಮ ಮನೆತನದಲ್ಲಿ ಏಳರ ಆಚೆ ದಾಟಿದವರು ಯಾರೂ ಇರಲಿಲ್ಲ. ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಕೇಳದವರ ಮನೆಗೂ ಹೋಗಿ ಹೇಳಿದೆ.

ಮಲ್ಲಪ್ಪ ಮಾತ್ರ ಕುರಿಯ ಕಾಲಿನ ಮುಳ್ಳು ಕೀಳುತ್ತ ತಲೆ ಎತ್ತದೆ ಹೇಳಿದ: "ಓದ್ಯಾನಲ್ಲ, ಸಾಕು. ದಸರಾ ಆದ ಮ್ಯಾಲ ಕುರಿ ಹೊಳೀ ಕಡಿ ಹೊಡೀಬೇಕು. ಮುಂದ ಒಬ್ಬ, ಹಿಂದ ಒಬ್ಬ ಬೇಕು. ನನಗ ಆಳೆಲ್ಲದ?"

"ಹೈಸ್ಕೂಲು ಓದ್ಲಿ ಮಲ್ಲ್ಯಾ. ಹುಡುಗ ಚುರುಕದಾನ."

"ಚುರುಕಿದ್ದವನೇ ಬೇಕು ಕುರಿ ಹಿಂದ. ಪೆದ್ದನ್ನ ಇಟಗೊಂಡು ತ್ವಾಳದ ಬಾಯಿಗಿ ಹಾಕ್ಲೇನು?" ಮುಳ್ಳು ಕಿತ್ತು ಎಸೆದ. ಆಮೇಲೆ ನನ್ನ ಮುಖ ನೋಡಿದನೇನೋ, ಸ್ವಲ್ಪ ಮೆತ್ತಗಾದ. "ದಸರಾ ತನಕ ನೋಡ್ತೀನಿ. ಅವಗ ಆ ಓದು ಒಗ್ಗಿದ್ರ ಓದ್ಲಿ. ಒಗ್ಗಲಿಲ್ಲಂದ್ರ ಬಾಯಿ ಮುಚಗೊಂಡು ನನ್ನ ಹಿಂದ ಬರ್ಬೇಕು. ನೀ ನಡಕ ಬರಬಾರ್ದು."

ಇಷ್ಟು ಸಿಕ್ಕಿತಲ್ಲ ಎಂದು ಕುಣಿದಾಡಿದೆ. ಮರುಕ್ಷಣವೇ ಹೆದರಿಕೆ ಹಿಡಿಯಿತು. ದಸರಾದೊಳಗೆ ಹುಡುಗನಿಗೆ ಓದು ಒಗ್ಗಬೇಕು ಎಂದರೆ ಶಾಲೆ ಸರಿಯಾಗಿ ಆರಿಸಬೇಕು. ತಪ್ಪಿ ಕೆಟ್ಟ ಶಾಲೆಗೆ ಹಾಕಿದೆನೋ, ನನ್ನ ಕೈಯಾರೆ ಅವನನ್ನು ಕುರಿಯ ಹಿಂದೆ ಅಟ್ಟಿದ ಹಾಗೆ.

ಮನೆಯಲ್ಲಿ ಪಂಚಾಯಿತಿ ಶುರುವಾಯಿತು. ನನ್ನ ಹೆಂಡತಿ ಭೀಮವ್ವ ಸಗರದ ಮಗಳು. "ನಮ್ಮೂರ ಹುಡುಗುರು ಶಹಾಪುರದ ಸಾಲಿಗಿ ಹೋಗ್ತಾವ. ಒಂದೊಂದೂ ಹೆಂಗ ಮಾತಾಡ್ತಾವ ಅಂತೀರಿ!" ಎಂದಳು. ರಂಗಂಪೇಟೆಯಿಂದ ಬಂದಿದ್ದ ನಮ್ಮ ಬೀಗರು ಸುಮ್ಮನಿದ್ದಾರೆಯೇ? "ಸುರಪುರ ಅಂದ್ರ ರಾಜರ ಊರ್ರಿ. ಅಲ್ಲಿ ಸಾಲೀ ಕಲ್ಲು-ಗ್ವಾಡಿಗೂ ವಿದ್ಯಾ ಬರ್ತದ" ಎಂದರು.

"ಗ್ವಾಡಿಗಿ ಬಂದು ಏನ್ ಬಂತ್ರಿ, ನಿಮ್ಮ ಹುಡುಗುರಿಗಿ ಬಂದದ?" ಎಂದಳು ಭೀಮವ್ವ. ಬೀಗರು ರೊಟ್ಟಿ ಮುರಿಯುವುದರಲ್ಲಿ ಮಗ್ನರಾದರು.

ಶಹಾಪುರವಾಗಲಿ ಸುರಪುರವಾಗಲಿ, ಹುಡುಗ ಬೇರೆಯವರ ಮನೆಯಲ್ಲಿ ಉಳಿಯಬೇಕಿತ್ತು. ಯಾದಗಿರಿಯಾದರೆ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ನಡೆದು ಹೋಗಿ ಸಂಜೆಗೆ ಮನೆ ಸೇರಬಹುದು. ಯಾದಗಿರಿಯೇ ಸರಿ ಎಂದಾಯಿತು. ಆದರೆ ಯಾದಗಿರಿಯಲ್ಲಿ ಸರ್ಕಾರಿ ಹೈಸ್ಕೂಲು ಎರಡು. ಕೋಟೆಯ ಕಡೆಗೆ ಹಳೆಯದು, ಸ್ಟೇಷನ್ ಕಡೆಗೆ ಹೊಸದು.

ಹೊಸ ಹೊಲದಲ್ಲಿ ಕುರಿ ಬಿಡುವ ಮೊದಲು ನಾವು ಅದರ ಸುತ್ತ ಒಮ್ಮೆ ನಡೆದು ನೋಡುತ್ತೇವೆ. ನೀರೆಲ್ಲಿ, ನೆರಳೆಲ್ಲಿ, ಮುಳ್ಳೆಲ್ಲಿ. ಅಲ್ಲಿ ಮೇಯ್ದ ದನಕರು ಸಂಜೆ ಹೇಗೆ ಹೊರಬೀಳುತ್ತವೆ. ಶಾಲೆ ನೋಡಲು ನನಗೆ ಬೇರೆ ವಿದ್ಯೆ ಎಲ್ಲಿತ್ತು? ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟೆ.

ಹಳೆಯ ಶಾಲೆ ಕಲ್ಲಿನ ಕಟ್ಟಡ. ಒಳಗೆ ಕಾಲಿಟ್ಟರೆ ಬಿಸಿಲುಗಾಲದಲ್ಲೂ ಪಾದ ತಣ್ಣಗಾಗುತ್ತಿತ್ತು. ಅಂಗಳದ ತುಂಬ ಬೇವಿನ ಮರ. ಬಾವಿಯ ನೀರು ಸಿಹಿ, ಕುಡಿದು ನೋಡಿದೆ. ಹುಡುಗರು ಕೂತು ಕೂತು ಬೆಂಚುಗಳು ಹೊಳೆಯುತ್ತಿದ್ದವು. ಹೆಡ್ ಮಾಸ್ತರರನ್ನು ಎಲ್ಲರೂ ಮುನ್ಷಿ ಸಾಹೇಬರು ಎನ್ನುತ್ತಿದ್ದರು. ಬಿಳಿ ಗಡ್ಡ, ಕೊರಳಪಟ್ಟಿಗೆ ತೇಪೆ ಹಾಕಿದ ಶೇರ್ವಾನಿ. ನಾನು ಹೋದಾಗ ಮರದ ಕೆಳಗೆ ಗೂಟ ನೆಟ್ಟು, ಹಗ್ಗ ಕಟ್ಟಿ, ಹಗ್ಗದ ತುದಿಗೆ ಕಡ್ಡಿ ಸಿಕ್ಕಿಸಿ ನೆಲದ ಮೇಲೆ ದೊಡ್ಡ ದುಂಡು ಗೆರೆ ಎಳೆಯುತ್ತಿದ್ದರು. ಸುತ್ತ ಹುಡುಗರು. ಅವರ ಲೆಕ್ಕದಲ್ಲಿ ಅರ್ಧ ಮಾತು ಉರ್ದು, ಅರ್ಧ ಕನ್ನಡ, ನಗು ಬೇರೆ.

"ಆಡು ಕಟ್ಟಿ ಮೇಯಿಸಿದ್ಹಂಗ ಅದಲ್ರಿ ಸಾಹೇಬ್ರ" ಎಂದೆ, ಬಾಯಿ ತಡೆಯಲಾರದೆ.

"ಕ್ಯಾ ಬಾತ್ ಹೈ!" ಎಂದು ಅವರು ಹುಡುಗರ ಕಡೆ ತಿರುಗಿದರು. "ಕೇಳಿದ್ರೇನೋ? ಈ ಹಗ್ಗಕ್ಕ ಈಗ ಆಡು ಕಟ್ರಿ. ಎಷ್ಟು ಹುಲ್ಲು ತಿಂತದ, ಹೇಳ್ರಿ." ಹುಡುಗರೆಲ್ಲ ಮ್ಯಾ ಎಂದು ಕೂಗಿದರು. ಶಾಲೆಯಲ್ಲಿ ಇಷ್ಟು ನಗಬಹುದು ಎಂದು ನನಗೆ ಗೊತ್ತೇ ಇರಲಿಲ್ಲ.

ಹೊಸ ಶಾಲೆ ತಗಡಿನ ಶೆಡ್ಡು. ಮರವಿಲ್ಲ; ಮುಳ್ಳಿನ ಬೇಲಿಯೊಳಗೆ ಮೊಣಕಾಲೆತ್ತರದ ಸಸಿಗಳು. ಗಡಿಗೆಯ ನೀರು ಬೆಚ್ಚಗೆ. ಹುಡುಗರು ಚಾಪೆಯ ಮೇಲೆ. ರೈಲು ಬಂದರೆ ಪಾಠ ನಿಲ್ಲುತ್ತಿತ್ತು, ಹೋದ ಮೇಲೆ ಮತ್ತೆ ಶುರು. ಇಲ್ಲಿನ ಹೆಡ್ ಮಾಸ್ತರರು ಮೈಸೂರು ಕಡೆಯವರು, ಇನ್ನೂ ಹರೆಯದವರು, ಕೋಟಿನ ಗುಂಡಿ ಎಲ್ಲ ಹಾಕಿಕೊಂಡೇ ಇರುವವರು.

"ಬನ್ನಿ ಯಜಮಾನರೇ, ಕೂತ್ಕೊಳ್ಳಿ" ಎಂದರು.

ನಾನು ನೆಲಕ್ಕೆ ಕೂತೆ. ಸರ್ಕಾರದ ಮನುಷ್ಯನ ಎದುರು ಬೇರೆ ಹೇಗೆ ಕೂರುವುದು? ಅವರು ಎದ್ದು ಬಂದು ನನ್ನ ರಟ್ಟೆ ಹಿಡಿದು ಕುರ್ಚಿಯ ಮೇಲೆ ಕೂರಿಸಿದರು. ಕಂಬಳಿಯ ವಾಸನೆ ಬಂದಿರಬೇಕು, ಆದರೆ ಮುಖ ಹಾಗೇ ಇತ್ತು. ಅವರ ಮಾತು ಸಕ್ಕರೆಪಾಕದ ಹಾಗೆ ಉದ್ದಕ್ಕೆ ಎಳೆಯುತ್ತಿತ್ತು. ಕನ್ನಡವೇ ಹೌದು, ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ನಾನು "ಹೌದ್ರಿ" ಎನ್ನುತ್ತಿದ್ದೆ. ಅವರಿಗೂ ಹಾಗೇ ಆಗಿರಬೇಕು. ನಾನು ಏನು ಹೇಳಿದರೂ "ಯಾಕೆ ಯಜಮಾನರೇ, ಕೋಪಾನಾ?" ಎಂದು ಕೇಳುತ್ತಿದ್ದರು. ಪಾಪ, ನಾನು ಬಹಳ ಪ್ರೀತಿಯಿಂದಲೇ ಮಾತಾಡುತ್ತಿದ್ದೆ.

ಬಜಾರಿನ ಚಹಾದಂಗಡಿಯಲ್ಲಿ ಕೇಳಿದರೆ ಅಲ್ಲಿ ಎರಡು ಪಕ್ಷ. "ಹಳೀ ಸಾಲಿ ಕಲ್ಲಿನಂಗ ಗಟ್ಟಿ. ಅಲ್ಲಿ ಓದಿದಾವ್ರು ಕಚೇರ್ಯಾಗ ತುಂಬ್ಯಾರ" ಎಂದು ಒಬ್ಬ. "ಇನ್ ಮುಂದ ಕಚೇರಿ ಕಾಗದ ಎಲ್ಲಾ ಕನ್ನಡಾನೇ. ಹಳೇ ಬಾವ್ಯಾಗ ಯಾಕ ಬೀಳ್ತಿ ಮುತ್ಯಾ?" ಎಂದು ಇನ್ನೊಬ್ಬ. ಕೇಳಿ ಕೇಳಿ ನನ್ನ ತಲೆ ಹುಲ್ಲಿನ ಬಣವೆಯಾಯಿತು.

ಕೊನೆಗೆ ನಮ್ಮ ಕಸುಬಿನ ದಾರಿಯನ್ನೇ ಹಿಡಿದೆ. ಹೊಲದಲ್ಲಿ ಕುರಿ ಕೂತರೆ ಗೊಬ್ಬರವಾಗುತ್ತದೆ ಎಂದು ರೈತರು ನಮ್ಮನ್ನು ಕರೆಯುತ್ತಾರೆ. ನಾವು ಈ ವಾರ ಒಬ್ಬರ ಹೊಲದಲ್ಲಿ ಹಿಂಡು ನಿಲ್ಲಿಸುತ್ತೇವೆ, ಮುಂದಿನ ವಾರ ಇನ್ನೊಬ್ಬರಲ್ಲಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಎಲ್ಲಿ ಕುರಿಗೆ ಹಿಡಿಸಿತೋ ಅಲ್ಲಿ ಹೆಚ್ಚು ದಿನ. ಹುಡುಗನಿಗೂ ಹಾಗೇ ಮಾಡೋಣ ಎಂದುಕೊಂಡೆ. ಹಳ್ಳಿಶಾಲೆ ಕೊಟ್ಟ ಕಾಗದ ತೆಗೆದುಕೊಂಡು ಮುನ್ಷಿ ಸಾಹೇಬರು ಹೆಸರು ಬರೆದುಕೊಂಡರು. ಮುಂದಿನ ವಾರ ಸ್ಟೇಷನ್ ಕಡೆಗೆ ಕರೆದುಕೊಂಡು ಹೋದೆ. ಮೈಸೂರಿನ ಮಾಸ್ತರರು "ಕಾಗದ ಆಮೇಲೆ ತನ್ನಿ, ಹುಡುಗನ ಪಾಠ ಯಾಕೆ ತಪ್ಪಬೇಕು?" ಎಂದು ಅವರೂ ಬರೆದುಕೊಂಡರು. ನನಗೆ ಎರಡು ಹೊಲ ಸಿಕ್ಕ ಸಂತೋಷ.

ಮಳೆಗಾಲವೆಲ್ಲ ಹೀಗೇ ನಡೆಯಿತು. ಒಂದು ವಾರ ಕೋಟೆ, ಒಂದು ವಾರ ಸ್ಟೇಷನ್. ಹುಡುಗ ಒಮ್ಮೆ ಕೇಳಿದ: "ಮುತ್ಯಾ, ಉಳಿದ ಹುಡುಗುರು ಹಿಂಗ ಮಾಡಂಗಿಲ್ಲಲ್ಲ?"

"ಅವರ ಮುತ್ಯಾಗ ತಿಳಿದಿಲ್ಲ ಬಿಡು" ಎಂದೆ.

ಕುರಿ ಮೇಯ್ದು ಬಂದಾಗ ಎಡಪಕ್ಕೆಯ ಕುಳಿ ನೋಡುತ್ತೇವೆ. ಕುಳಿ ತುಂಬಿದ್ದರೆ ಹೊಲ ಒಳ್ಳೆಯದು, ಬಿದ್ದಿದ್ದರೆ ಜಾಗ ಬದಲು. ನಾನು ದಿನಾ ಸಂಜೆ ಕೆರೆಯ ಏರಿಯ ಮೇಲೆ ನಿಂತು ಬೀರಪ್ಪನ ಮುಖ ನೋಡುತ್ತಿದ್ದೆ. ಕೋಟೆಯ ವಾರದಲ್ಲಿ ಅವನು ದೂರದಿಂದಲೇ ಮಾತು ಶುರು ಮಾಡುತ್ತಿದ್ದ. ಮುನ್ಷಿ ಸಾಹೇಬರು ಹಾಗೆ ನಕ್ಕರು, ಹೀಗೆ ಭಲೇ ಎಂದರು, ಲೆಕ್ಕ ಮೊದಲು ಬಿಡಿಸಿದವನು ನಾನೇ. ರೊಟ್ಟಿ ಎಷ್ಟು ಹಾಕಿದರೂ ಮುಗಿಸುತ್ತಿದ್ದ. ಸ್ಟೇಷನ್ನಿನ ವಾರದಲ್ಲಿ ತಲೆ ತಗ್ಗಿಸಿ ಬರುತ್ತಿದ್ದ. ಪುಸ್ತಕದ ಕನ್ನಡ ಮನೆಯ ಕನ್ನಡದ ಹಾಗಿರಲಿಲ್ಲ. ಅವನು ಓದಲು ಎದ್ದರೆ ಹುಡುಗರು ಮುಸಿಮುಸಿ ನಗುತ್ತಿದ್ದರಂತೆ. ಮಾಸ್ತರರು ನಗುತ್ತಿರಲಿಲ್ಲ, ಆದರೆ "ಮತ್ತೆ ಓದು" ಎನ್ನುತ್ತಿದ್ದರಂತೆ. ಮತ್ತೆ ಓದು, ಮತ್ತೆ ಓದು. ಅಂಥ ದಿನ ಅವನು ಅರ್ಧ ರೊಟ್ಟಿಗೇ ಏಳುತ್ತಿದ್ದ.

ಇನ್ನು ನೋಡುವುದೇನಿದೆ, ಹಳೆಯ ಶಾಲೆಯೇ ಎಂದು ನಿಶ್ಚಯ ಮಾಡಿದೆ. ಸ್ಟೇಷನ್ ಕಡೆಗೆ ಹೋಗಿ ಹೇಳಿ ಬರಬೇಕು ಎನ್ನುವಷ್ಟರಲ್ಲಿ ಆ ಆದಿತ್ಯವಾರ ಬಂತು.

ಶ್ರಾವಣದ ಜಿಟಿಜಿಟಿ ಮಳೆ. ಎತ್ತಿನ ಬಂಡಿಯೊಂದು ನಮ್ಮ ಮನೆಯ ಮುಂದೆ ನಿಂತಿತು. ಕೊಡೆ ಬಿಚ್ಚಿಕೊಂಡು ಮುನ್ಷಿ ಸಾಹೇಬರು ಇಳಿದರು, ಕೈಯಲ್ಲಿ ಸೀಸೆ. "ನಿಂಗಪ್ಪಾ! ಬಚ್ಚಾನ ತಬಿಯತ್ ಹೆಂಗದ? ಒಂದು ವಾರ ಬರ್ತಾನ, ಒಂದು ವಾರ ಮಲಗ್ತಾನ. ಇದು ಮಲೇರಿಯಾನೇ ಇರ್ಬೇಕು. ಹಕೀಮ ಸಾಹೇಬ್ರ ಕಡಿಂದ ಕಾಢಾ ತಂದೀನಿ" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಸೈಕಲ್ಲಿನ ಗಂಟೆ ಕೇಳಿಸಿತು. ಕೋಟಿನ ತುಂಬ ಕೆಸರು ಸಿಡಿಸಿಕೊಂಡು ಮೈಸೂರಿನ ಮಾಸ್ತರರು! ಅವರ ಕೈಯಲ್ಲೊಂದು ಪೊಟ್ಟಣ. "ಹುಡುಗ ಹೇಗಿದ್ದಾನೆ ಯಜಮಾನರೇ? ಪದೇ ಪದೇ ಜ್ವರ ಬರ್ತಿದೆ ಅನ್ಸುತ್ತೆ. ನಮ್ಮ ಮನೆಯವರು ಮೆಣಸಿನ ಸಾರಿನ ಪುಡಿ ಕೊಟ್ಟಿದ್ದಾರೆ. ಬಾಯಿಗೆ ರುಚಿ ಬರುತ್ತೆ."

ಭೀಮವ್ವ ಒಳಗಿನಿಂದ ಓಡಿ ಬಂದಳು. ಇಬ್ಬರು ಓದಿದ ದೊಡ್ಡವರು ಒಟ್ಟಿಗೆ ಮನೆ ಮುಂದೆ ನಿಂತದ್ದು ಕಂಡು "ಯಾರು ಸತ್ತಾರ್ರಿ?" ಎಂದುಬಿಟ್ಟಳು.

ರೋಗಿ ಮನೆಯ ಮುಂದಿನ ಬೇವಿನ ಮರದ ಮೇಲಿದ್ದ. ಆಡಿಗೆ ಸೊಪ್ಪು ಕೊಯ್ಯುತ್ತಿದ್ದ. ಕೆಳಗೆ ತನ್ನ ಇಬ್ಬರು ಹೆಡ್ ಮಾಸ್ತರರನ್ನು ಒಟ್ಟಿಗೆ ನೋಡಿ ಕೊಂಬೆಯ ಮೇಲೇ ಎದ್ದು ನಿಂತು ಕೈ ಮುಗಿದ.

"ಇಳಿಯೋ, ಬೀಳ್ತೀ!" ಎಂದು ಇಬ್ಬರೂ ಒಂದೇ ಸಲ ಕೂಗಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು.

"ಇವ ನಮ್ಮ ಹುಡುಗ" ಎಂದರು ಮುನ್ಷಿ ಸಾಹೇಬರು.

"ಇಲ್ಲ ಸರ್, ನಮ್ಮ ಶಾಲೆಯವನು" ಎಂದರು ಮೈಸೂರಿನವರು.

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ನಿಜವನ್ನೇ ಹೇಳಿದೆ. ಮುಚ್ಚಿಡುವಂಥದ್ದು ಏನಿದೆ ಎಂದು ನನಗೆ ಇನ್ನೂ ತಿಳಿದಿರಲಿಲ್ಲ. "ಎರಡೂ ಹೊಲದಾಗ ವಾರ ವಾರ ಬಿಟ್ಟು ನೋಡಾಕತ್ತೀನ್ರಿ. ನಮ್ಮ ಕಸಬಿನ್ಯಾಗ ಹಂಗೇ ಮಾಡ್ತೀವ್ರಿ."

ಮೈಸೂರಿನ ಮಾಸ್ತರರ ಮುಖ ಬಿಳಿಚಿತು. "ಯಜಮಾನರೇ, ಇದು ಹೊಲ ಅಲ್ಲ! ಸರ್ಕಾರದ ನಿಯಮ ಇದೆ. ಒಬ್ಬನ ಹೆಸರು ಎರಡು ಶಾಲೆಯಲ್ಲಿದೆ ಅಂತ ಮೇಲಿನವರಿಗೆ ಗೊತ್ತಾದ್ರೆ ಎರಡೂ ಕಡೆ ಹೊಡೆದು ಹಾಕ್ತಾರೆ. ಹುಡುಗ ಬೀದಿಗೆ ಬೀಳ್ತಾನೆ!"

ನಾನು ಹೊಸಿಲ ಮೇಲೆ ಕುಸಿದು ಕೂತೆ. ದಸರಾದ ತನಕ ಎಂದು ಮಗನ ಹತ್ತಿರ ಬೇಡಿ ಪಡೆದದ್ದು ಶ್ರಾವಣದಲ್ಲೇ ಮುಗಿಯಿತೇ? ಭೀಮವ್ವ ನನ್ನ ತಲೆಯ ಮೇಲೆಯೇ ನಿಂತು, "ಹೊಲಾ ಅಂತ ಹೊಲಾ! ನನ್ನ ಮಾತು ಕೇಳಿ ಶಹಾಪುರಕ್ಕ ಹಾಕಿದ್ರ ಈ ಪೀಡಾ ಇರ್ತಿತ್ತೇನು?" ಎಂದು ಶುರು ಮಾಡಿದಳು.

ಇದ್ದಕ್ಕಿದ್ದ ಹಾಗೆ ಯಾರೋ ನಗುವ ಸದ್ದು. ನೋಡಿದರೆ ಮುನ್ಷಿ ಸಾಹೇಬರು. ಗಡ್ಡ ಅಲುಗಾಡುವ ಹಾಗೆ ನಗುತ್ತಿದ್ದರು. "ನಾ ಹುಡುಗನ ಸಲುವಾಗಿ ದುವಾ ಮಾಡಾಕತ್ತೀನಿ, ಇವ ಸ್ಟೇಷನ್ನಿನ್ಯಾಗ ಮೇಯಾಕತ್ಯಾನ!" ಎಂದರು. ಅವರನ್ನು ನೋಡಿ ಮೈಸೂರಿನವರಿಗೂ ತಡೆಯಲಿಲ್ಲ. ಸಾರಿನ ಪುಡಿಯ ಪೊಟ್ಟಣ ಬಾಯಿಗೆ ಅಡ್ಡ ಹಿಡಿದು ನಕ್ಕರು. ನಾನೊಬ್ಬನೇ ನಗದೆ ಕೂತಿದ್ದೆ.

ನಗು ಮುಗಿದ ಮೇಲೆ ಮುನ್ಷಿ ಸಾಹೇಬರು ಬೀರಪ್ಪನನ್ನು ಹತ್ತಿರ ಕರೆದರು. "ಅಂಜಬ್ಯಾಡ ಬೇಟಾ. ಹುಡುಗ ಎಲ್ಲಿ ಇರ್ತಾನೋ ಅಲ್ಲಿ ಇರ್ಲಿ, ಇನ್ನೊಂದು ಕಡಿ ಹೆಸರು ತಗೀತೀವಿ. ಮಾತು ಇಲ್ಲಿಗೇ ಮುಗೀತು. ಈಗ ನೀ ಹೇಳು. ಎಲ್ಲಿ?"

ನಾನು ನಡುವೆ ಬಾಯಿ ಹಾಕಿದೆ. "ನಾ ನೋಡೀನ್ರಿ ಸಾಹೇಬ್ರ, ನಿಮ್ಮ ಸಾಲೀನೇ. ಅಲ್ಲಿ ಅವನ ಹೊಟ್ಟಿ ತುಂಬ್ತದ."

"ಹುಡುಗ ಹೇಳ್ಲಿ ಯಜಮಾನರೇ" ಎಂದರು ಮೈಸೂರಿನವರು. ಬರುವುದಿಲ್ಲ ಎನ್ನುವ ಉತ್ತರಕ್ಕೆ ಸಿದ್ಧವಾದವರ ಹಾಗೆ ನಿಂತಿದ್ದರು.

ಬೀರಪ್ಪ ಕಾಲಿನ ಹೆಬ್ಬೆರಳಿನಿಂದ ಕೆಸರು ಕೆದಕಿದ. "ಸ್ಟೇಷನ್ ಕಡೀ ಸಾಲಿ" ಎಂದ.

"ಅಲ್ಲಿ ನಿನಗ ಒಂದೂ ಬರಂಗಿಲ್ಲಲ್ಲೋ!" ಎಂದೆ.

"ಅದಕ್ಕೇ ಮುತ್ಯಾ. ಸಾಹೇಬ್ರ ಸಾಲ್ಯಾಗ ಅವರು ಹೇಳೂದು ನನಗ ಮೊದ್ಲೇ ಬರ್ತದ. ಬರದಿದ್ದದ್ದು ಕಲೀಲಿಕ್ಕಲ್ಲ ಸಾಲಿಗಿ ಹೋಗೂದು?"

ಮುನ್ಷಿ ಸಾಹೇಬರು ಕನ್ನಡಕ ತೆಗೆದು ಶೇರ್ವಾನಿಯ ಅಂಚಿಗೆ ಒರೆಸಿದರು. ಒರೆಸಲು ಬಹಳ ಹೊತ್ತು ಹಿಡಿಯಿತು. ಅವರ ಶಾಲೆಗೆ ಆ ವರ್ಷ ಹೊಸಬರು ಕಡಿಮೆ, ಎಲ್ಲರೂ ಸ್ಟೇಷನ್ ಕಡೆಗೇ ಓಡುತ್ತಿದ್ದರು ಎಂದು ನನಗೆ ಆಮೇಲೆ ತಿಳಿಯಿತು. ಅವರು ಮೈಸೂರಿನವರ ಹೆಗಲ ಮೇಲೆ ಕೈ ಇಟ್ಟು, "ಮಾಸ್ಟರ್ ಸಾಬ್, ಹೀರಾ ಸಿಕ್ಕದ ನಿಮಗ. ಜ್ವಾಪಾನ" ಎಂದರು. ಬೀರಪ್ಪನಿಗೆ, "ಹಿಸಾಬ್ ಮರೀಬ್ಯಾಡ. ಇತ್ವಾರ ಸಾಲಿ ಸೂಟಿ, ನನ್ನ ಮನಿಗಿ ಬಾ" ಎಂದರು. ಅವತ್ತು ಇಬ್ಬರೂ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಉಂಡರು. ಭೀಮವ್ವ ಆ ಸಾರಿನ ಪುಡಿಯನ್ನು ಕುದಿಸಿ ಬಡಿಸಿದಳು. ಮೈಸೂರಿನವರು ರೊಟ್ಟಿ ಮುರಿಯಲಾರದೆ ಒದ್ದಾಡುವಾಗ ಮುನ್ಷಿ ಸಾಹೇಬರು ತಾವೇ ಮುರಿದು ಸಾರಿನಲ್ಲಿ ನೆನೆಸಿ ಕೊಟ್ಟರು.

ಭಾದ್ರಪದ ಕಳೆಯಿತು. ಹುಡುಗ ದಿನಾ ತಲೆ ತಗ್ಗಿಸಿಯೇ ಬರುತ್ತಿದ್ದ. ಆದರೆ ಬಂದು ಕಂಬಕ್ಕೆ ಒರಗಿ ಅದೇ ಪಾಠವನ್ನು ಮತ್ತೆ ಮತ್ತೆ ಓದುತ್ತಿದ್ದ. ಆಡುಗಳಿಗೆ ಓದಿ ಹೇಳುತ್ತಿದ್ದ. ನನಗೆ ಅಷ್ಟೇ ಸಾಕಾಗಿತ್ತು. ದಸರೆಯ ಮುಂಚಿನ ಪರೀಕ್ಷೆ ಬಂತು, ಫಲಿತಾಂಶವೂ ಬಂತು. ಲೆಕ್ಕದಲ್ಲಿ ಕ್ಲಾಸಿಗೇ ಮೊದಲು. ಕನ್ನಡದಲ್ಲಿ ನಪಾಸು.

ಮಾತು ಮಲ್ಲಪ್ಪನ ಕಿವಿಗೆ ಬಿತ್ತು. ಬನ್ನಿ ಕೊಟ್ಟು ಕಾಲಿಗೆ ಬಿದ್ದ ಮರುದಿನವೇ ಬುತ್ತಿ, ಕಂಬಳಿ, ಕೊಡಲಿ ಎಲ್ಲ ಹೊಂದಿಸಿದ. "ಆತಲ್ಲಪ್ಪಾ? ಮಾತು ಮಾತೇ. ಸಾಲಿ ತೆರದ ಕೂಡ್ಲೇ ಹೋಗಿ ಹೆಸರು ತಗಸಿ ಕರಕೊಂಡು ಬರ್ತೀನಿ" ಎಂದ. ಶಾಲೆ ತೆರೆದ ದಿನ ಬೀರಪ್ಪ ಬೆಳಿಗ್ಗೆ ಎದ್ದು ರೊಟ್ಟಿ ಕಟ್ಟಿಕೊಂಡು ಎಂದಿನಂತೆ ಶಾಲೆಗೆ ಹೋದ. ಮಲ್ಲಪ್ಪನ ಹಿಂದೆ ನಾನೂ ಹೊರಟೆ. ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ನಡುವೆ ಬರಬಾರದು ಎಂದು ಮಾತು ಕೊಟ್ಟಿದ್ದೆನಲ್ಲ.

ತಗಡಿನ ಶೆಡ್ಡಿನ ಹೊರಗೆ ಕಿಟಕಿಯ ಪಕ್ಕ ನಿಂತೆವು. ಒಳಗೆ ಬೀರಪ್ಪ ಎದ್ದು ನಿಂತು ಓದುತ್ತಿದ್ದ. ಒಂದು ಕಡೆ ತಪ್ಪಿದ. ಹುಡುಗರು ನಕ್ಕರು.

"ಮತ್ತೆ ಓದು" ಎಂದರು ಮಾಸ್ತರರು.

ಮತ್ತೆ ಓದಿದ, ಮತ್ತೆ ಅಲ್ಲೇ ತಪ್ಪಿದ. ಮತ್ತೆ ನಗು. ಅವನು ಕೂರಲಿಲ್ಲ. ಮಾಸ್ತರರು ಹೇಳುವ ಮೊದಲೇ ತಾನೇ ಮೊದಲಿನಿಂದ ಹಿಡಿದ, ಇನ್ನೂ ಜೋರಾಗಿ. ಅಷ್ಟರಲ್ಲಿ ರೈಲು ಬಂತು. ತಗಡೆಲ್ಲ ಗಡಗಡ ನಡುಗಿತು, ಏನೂ ಕೇಳಿಸದಾಯಿತು. ಅವನ ತುಟಿ ಮಾತ್ರ ಅಲ್ಲಾಡುತ್ತಲೇ ಇತ್ತು. ರೈಲು ಹೋದ ಮೇಲೆ ನೋಡಿದರೆ ಆ ತಪ್ಪುವ ಜಾಗ ದಾಟಿ ಮುಂದೆ ಹೋಗಿದ್ದ. ನಗುವವರು ಯಾರೂ ಇರಲಿಲ್ಲ.

ಮಲ್ಲಪ್ಪ ಕಿಟಕಿಯಿಂದ ಸರಿದ. "ಅಲ್ಲ ಅಪ್ಪಾ, ಅಷ್ಟು ಮಂದಿ ನಕ್ರೂ ಕೂಡ್ರಲಿಲ್ಲಲ್ಲ ಅವ" ಎಂದ.

"ಹೂಂ" ಎಂದೆ.

"ಇಂಥವ ಕುರಿ ಹಿಂದ ಇದ್ದಿದ್ರ ನನಗ ನಿದ್ದಿ ಹತ್ತತಿತ್ತು." ಸ್ವಲ್ಪ ಹೊತ್ತು ಸಸಿಯ ಬೇಲಿಯ ಮುಳ್ಳನ್ನು ಸರಿ ಮಾಡುತ್ತ ನಿಂತ. ಆಮೇಲೆ ನನ್ನ ಕಡೆ ತಿರುಗಿ ಗದರಿದ: "ನನ್ನ ಮುಖ ಏನ್ ನೋಡ್ತಿ? ಹಿಂದ ಒಬ್ಬ ಬೇಕಂದ್ರ ಬೇಕೇ. ಈ ಸಲ ನೀ ಬಾ."

"ನಾನೇನೋ ಮಲ್ಲ್ಯಾ? ಈ ವಯಸ್ಸಿನ್ಯಾಗ?"

"ಮತ್ತ ಯಾರು? ಅವನ್ನ ಸಾಲಿಗಿ ಹಾಕಿದಾವ ನೀ. ಅವನ ಬದ್ಲಿ ನಡಿ."

ಅಯ್ಯೋ, ಆ ಬೈಗುಳದಷ್ಟು ಸಿಹಿಯಾದ ಮಾತು ನನ್ನ ಮಗ ಹಿಂದೆಂದೂ ಆಡಿರಲಿಲ್ಲ. ಕೋಲು ಬಿಟ್ಟು ಎಷ್ಟೋ ವರ್ಷವಾಗಿತ್ತು. ಮೊಣಕಾಲು ನೋಯುತ್ತಿತ್ತು. ಮನೆಗೆ ಬಂದು ಹೇಳಿದರೆ ಭೀಮವ್ವ, "ಹುಡುಗ ಓದಾಕ ಹೋದ, ಮುದುಕ ಕುರಿ ಕಾಯಾಕ ಹೋದ. ಚಂದ ಆತು ನಮ್ಮ ಮನಿ!" ಎಂದು ಸೆರಗು ಬಾಯಿಗೊತ್ತಿ ನಕ್ಕಳು, ನಕ್ಕು ಕಣ್ಣೊರೆಸಿಕೊಂಡಳು.

ಎರಡು ದಿನ ಬಿಟ್ಟು ಹಿಂಡು ಹೊರಟಿತು. ಭೀಮಾ ಹೊಳೆಯ ಕಡೆಗೆ ಹೋಗುವ ದಾರಿ ಯಾದಗಿರಿಯ ಮೇಲೆ, ಸ್ಟೇಷನ್ ಕಡೆಯ ಶಾಲೆಯ ಬದಿಗೇ ಹಾಯುತ್ತದೆ. ಮುಂದೆ ಮಲ್ಲಪ್ಪ, ಹಿಂದೆ ನಾನು, ನಡುವೆ ದಾರಿ ತುಂಬ ಕುರಿ. ಧೂಳು, ಗಂಟೆ, ಮರಿಗಳ ಕೂಗು. ಆ ಸದ್ದಿಗೆ ಶಾಲೆಯ ಹುಡುಗರೆಲ್ಲ ಎದ್ದು ಕಿಟಕಿಗೆ ಮುಗಿಬಿದ್ದರು. ಕೆಲವರು ಮ್ಯಾ ಎಂದು ಅಣಕಿಸಿದರು. ಮಾಸ್ತರರೂ ಬಾಗಿಲಿಗೆ ಬಂದು ನನ್ನನ್ನು ಗುರುತಿಸಿ ಕೈ ಎತ್ತಿದರು. ನಾನು ಕತ್ತು ಚಾಚಿ ಹುಡುಗರ ತಲೆಗಳ ನಡುವೆ ಒಳಗೆ ನೋಡಿದೆ.

ಖಾಲಿಯಾದ ಚಾಪೆಗಳ ನಡುವೆ ಬೀರಪ್ಪ ಒಬ್ಬನೇ ಕೂತಿದ್ದ. ಪುಸ್ತಕದ ಮೇಲೆ ಬಾಗಿದ್ದ, ಬೆರಳು ಸಾಲಿನ ಮೇಲೆ ಸರಿಯುತ್ತಿತ್ತು. ಹುಟ್ಟಿದಾಗಿನಿಂದ ಕೇಳಿದ ಗಂಟೆಗಳು ಅವು; ಒಂದೊಂದು ಮರಿಯ ಕೂಗನ್ನೂ ಹೆಸರು ಹಿಡಿದು ಹೇಳಬಲ್ಲ ಹುಡುಗ. ಅವನು ತಲೆ ಎತ್ತಲಿಲ್ಲ. ಇಡೀ ಹಿಂಡು ದಾಟಿ ಹೋಗುವ ತನಕ ಎತ್ತಲಿಲ್ಲ.

ನಾನು ಕೋಲು ಹೆಗಲಿಗೆ ಹಾಕಿಕೊಂಡು "ಹರ್ರಾ, ಹರ್ರಾ" ಎಂದು ಕೂಗುತ್ತ ನಡೆದೆ. ಮೊಣಕಾಲಿನ ನೋವು ಎಲ್ಲಿ ಹೋಗಿತ್ತೋ.